ಮುರಿದ ಓಲೆ ಹಿಡಿದು ಕಟಕ್‌ಗೆ

ಹೆಸರಘಟ್ಟದ ನೃತ್ಯಗ್ರಾಮಕ್ಕೆ ಒಡಿಸ್ಸಿ ನೋಡಲು ಹೋದರೆ ನನ್ನ ಕಣ್ಣೆಲ್ಲ ನರ್ತಕಿಯರ ಬೆಳ್ಳಿ ಡಾಬಿನ ಮೇಲೆ. ಆ ಹುಚ್ಚಿಗೇ ಒಂದು ಮೇಳದಲ್ಲಿ 'ಕಟಕ್ ತಾರಕಸಿ', ಅಂದರೆ ಒಡಿಶಾದ ಕಟಕ್‌ನ ಬೆಳ್ಳಿ ಎಳೆಯ ಕುಸುರಿ, ಅಂತ ಒಂದು ಜೊತೆ ಓಲೆ ತೆಗೆದುಕೊಂಡೆ. ಎರಡೇ ತಿಂಗಳಿಗೆ ಒಂದರ ಎಸಳು ಮುರಿಯಿತು. ಮಾರಿದವರಿಗೆ ಫೋನ್ ಮಾಡಿದರೆ, ರಿಪೇರಿ ನಮ್ಮಲ್ಲಿಲ್ಲ ಅಂದರು. ಹಾಗಾದರೆ ಮಾಡಿದವರನ್ನೇ ಹುಡುಕೋಣ ಅಂತ ಒಡಿಶಾಗೆ ಹೊರಟೆ.

ಹೋಗಿದ್ದು ದಸರೆಗೆ ಹದಿನೈದು ದಿನ ಮುಂಚೆ. ಶುದ್ಧ ದಡ್ಡತನ. ಕಟಕ್‌ನಲ್ಲಿ ದುರ್ಗೆಯ ಮೂರ್ತಿಯ ಹಿಂದೆ 'ಚಾಂದಿ ಮೇಢ' ಅಂತ ಬೆಳ್ಳಿಯ ಪ್ರಭಾವಳಿ ನಿಲ್ಲಿಸುತ್ತಾರೆ. ಕೆಲವಕ್ಕೆ ಕ್ವಿಂಟಾಲುಗಟ್ಟಲೆ ಬೆಳ್ಳಿ ಬೇಕು. ಆಗ ಕೆಲಸದವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ನಯಾ ಸಡಕ್‌ನ ಅಂಗಡಿಗಳಲ್ಲಿ ಮಾಡುವವರನ್ನು ನೋಡಬೇಕು ಅಂದರೆ ಎಲ್ಲರೂ ಚಹಾ ಕೊಟ್ಟರು, ವಿಳಾಸ ಕೊಡಲಿಲ್ಲ. ತಪ್ಪೇನಿಲ್ಲ ಬಿಡಿ, ನಾನೇ ನೇರವಾಗಿ ತರುವಂತಾದರೆ ಅವರ ವ್ಯಾಪಾರದ ಗತಿ?

ಎರಡನೇ ಸಲ ಚಳಿಗಾಲದಲ್ಲಿ ಹೋದೆ. ಈ ಸಲ ಏನೂ ಕೇಳಲಿಲ್ಲ. ಸುಮ್ನೆ ಮುರಿದ ಓಲೆ ಮುಂದಿಟ್ಟೆ. ಅಂಗಡಿಯವರು ಅದನ್ನು ಹುಡುಗನ ಕೈಗೆ ಕೊಟ್ಟರು. ನಾನೂ ಜೊತೆಗೆ ಹೋಗಲಾ ಅಂದಾಗ ಬೇಡ ಅನ್ನಲಿಲ್ಲ. ರಿಪೇರಿ ಗಿರಾಕಿಗೆ ಯಾರು ಹೆದರುತ್ತಾರೆ!

ಮೂವರು ಕೂರುವಷ್ಟು ಕೋಣೆ. ಫ್ಯಾನ್ ಇತ್ತು, ಹಾಕಿರಲಿಲ್ಲ. ಹಾಕಿದರೆ ಎಳೆಗಳು ಹಾರುತ್ತವೆ. ಬೆಳ್ಳಿಯನ್ನು ಕಂಬಚ್ಚಿನ, ಅಂದರೆ ತಂತಿ ಎಳೆಯುವ ತೂತುಪಟ್ಟಿಯ, ದೊಡ್ಡ ತೂತಿನಿಂದ ಸಣ್ಣದಕ್ಕೆ, ಅದಕ್ಕಿಂತ ಸಣ್ಣದಕ್ಕೆ ಎಳೆದು ಕೂದಲಿನಂಥ ತಂತಿ ಮಾಡಿಟ್ಟಿದ್ದರು. ಎರಡು ಎಳೆ ಹೊಸೆದು ಚಪ್ಪಟೆ ಮಾಡಿದರೆ ಅಂಚಿಗೆ ಸಣ್ಣ ಸಣ್ಣ ಹಲ್ಲು ಬರುತ್ತದೆ. ತಾರಕಸಿಯ ಮಿನುಗೆಲ್ಲ ಆ ಹಲ್ಲಿನದ್ದು. ಯಜಮಾನರು ಅದನ್ನು ಚಿಮಟದಲ್ಲಿ ಸುರುಳಿ ಸುತ್ತಿ, ದಪ್ಪ ತಂತಿಯ ಎಸಳಿನೊಳಗೆ ಕೂರಿಸಿದರು. ಮೇಲೆ ಬಿಳಿಗಾರ, ಬೆಸುಗೆಯ ಪುಡಿ. ಆಮೇಲೆ ಊದುಕೊಳವೆಯಲ್ಲಿ ಉರಿ ಊದಿದರು. ಉರಿ ಒಂಚೂರು ಜಾಸ್ತಿಯಾದರೂ ಎಳೆ ಕರಗಿ ಗುಂಡಾಗುತ್ತದೆ. ನನ್ನೆದುರೇ ಒಂದು ಹಾಗಾಯಿತು. ನಕ್ಕು, ಚೂರುಗಳ ಡಬ್ಬಿಗೆ ಹಾಕಿದರು.

ಆಮೇಲೆ ನನ್ನ ಓಲೆ ತೆಗೆದುಕೊಂಡರು. ಮುಂಭಾಗ ನೋಡಲೇ ಇಲ್ಲ, ನೇರ ಬೆನ್ನು ತಿರುಗಿಸಿದರು.

"ದೀದಿ, ಇದು ಎರಕದ್ದು. ನಮ್ಮ ಕೆಲಸ ಅಲ್ಲ."

ಮಸೂರ ಕೊಟ್ಟು ತೋರಿಸಿದರು. ನನ್ನ ಓಲೆಯಲ್ಲಿ ಎಳೆ ಎಳೆಗೂ ನಡುವೆ ಸಂದೇ ಇಲ್ಲ, ಎಲ್ಲ ಒಂದಕ್ಕೊಂದು ಕರಗಿಕೊಂಡಿವೆ. ಎಸಳುಗಳೂ ಪಡಿಯಚ್ಚು. ಅವರದ್ದರಲ್ಲಿ ಹೊಸೆದ ಎರಡೆಳೆ ಬೇರೆ ಬೇರೆ ಕಾಣುತ್ತವೆ, ಒಂದು ಸುರುಳಿಯಂತೆ ಇನ್ನೊಂದಿಲ್ಲ. 2024ರಲ್ಲಿ ಕಟಕ್ ತಾರಕಸಿಗೆ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ಕಸುಬು ಅನ್ನುವ ಕಾನೂನಿನ ಗುರುತು, ಸಿಕ್ಕಿದೆ, ನಿಜ. ಆದರೂ ಕೊಳ್ಳುವಾಗ ನಾನು ನಂಬುವುದು ಮಸೂರವನ್ನೇ. ಈಗ ಅದು ಸದಾ ಬ್ಯಾಗಿನಲ್ಲಿರುತ್ತದೆ.

ಅಂಗಡಿಯವರ ಮೂಲಕವೇ ಒಂದು ಜೊತೆ ಜುಮಕಿ ಹೇಳಿಬಂದೆ. ದಾರಿ ತೋರಿಸಿದವರನ್ನು ಬಿಟ್ಟು ವ್ಯವಹಾರ ಮಾಡಲು ಮನಸ್ಸಾಗಲಿಲ್ಲ. ಬೆಳ್ಳಿಯ ತೂಕ ಬೇರೆ, ಮಜೂರಿ ಬೇರೆ ಬರೆಸಿಕೊಂಡೆ. ಒಟ್ಟು ಬೆಲೆಗೆ ಒಪ್ಪಿದರೆ ಯಾವುದಕ್ಕೆ ಎಷ್ಟು ಕೊಟ್ಟೆವು ಅಂತ ತಿಳಿಯುವುದಿಲ್ಲ ಅಲ್ವಾ? ಮೂರು ವಾರ ಅಂದಿದ್ದು ಏಳನೇ ವಾರಕ್ಕೆ ಬಂತು.

ಎರಕದ ಓಲೆಯನ್ನೂ ಅವರು ಬೆಸೆದು ಕೊಟ್ಟಿದ್ದರು, ನಲವತ್ತು ರೂಪಾಯಿಗೆ. ಬೆಸೆದ ಜಾಗ ಇನ್ನೂ ಗಟ್ಟಿಯಾಗಿದೆ. ಈಗ ಪಕ್ಕದ ಎಸಳು ಅಲ್ಲಾಡುತ್ತಿದೆ.