ನೊಣ ಬಿಟ್ಟರೆ ಗೊರಸೂ ಹೋಗುತ್ತೆ: ಕುದುರೆ ಸಾಕುವವರ ಗಮನಕ್ಕೆ

ಮಳೆ ಶುರುವಾಯ್ತು, ಲಾಯದಲ್ಲಿ ನೊಣದ ಕಾಟವೂ ಶುರು. ಮೈಸೂರಿನ ಟಾಂಗಾ ಕುದುರೆಗಳನ್ನು ನಿಂತಲ್ಲೇ ಗಮನಿಸಿ, ಕಾಲಿಗೆ ಕಚ್ಚೋ ನೊಣ ಓಡಿಸೋಕೆ ದಿನವಿಡೀ ಕಾಲು ಬಡೀತಿರ್ತವೆ. ಹಾಗೆ ಬಡಿದೂ ಬಡಿದೂ ಲಾಳದ ಮೊಳೆ ಸಡಿಲವಾಗಿ, ಗೊರಸಿನ ಅಂಚು ಚಕ್ಕೆ ಏಳುತ್ತೆ. ಅದಕ್ಕೇ ಎರಡನ್ನೂ ಒಟ್ಟಿಗೆ ನೋಡ್ಕೋಬೇಕು.

ಬೇಸಿಗೆಯಲ್ಲಿ ನೊಣದ ಮೊಟ್ಟೆ ಹತ್ತೇ ದಿನದೊಳಗೆ ನೊಣವಾಗಬಲ್ಲದು. ಲದ್ದಿ, ಮೂತ್ರದಲ್ಲಿ ನೆಂದ ಹುಲ್ಲು ದಿನಾ ತೆಗೆದು ದೂರ ಹಾಕಿ. ಇದೊಂದು ಮಾಡದೆ ಎಷ್ಟು ಔಷಧಿ ಹೊಡೆದರೂ ದಂಡ. ಬೇವಿನೆಣ್ಣೆಯನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ ಕಾಲಿಗೆ ಸವರಬಹುದು. ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ ನೋಡಿ, ಗಾಯಕ್ಕೆ ಬೇಡ.

ಗೊರಸನ್ನು ದಿನಾ ಹಿಮ್ಮಡಿಯಿಂದ ಮುಂದಕ್ಕೆ ಕೆರೆದು ಸ್ವಚ್ಛ ಮಾಡಿ. ನಡುವಿನ ಮೆತ್ತನೆ ತ್ರಿಕೋನದ ಪಕ್ಕದ ಸಂದಿಗೆ ಮೂಗು ಹತ್ತಿರ ತಂದು ನೋಡಿ. ಕೊಳೆತ ವಾಸನೆ, ಕಪ್ಪು ಜಿಗುಟು ಕಂಡರೆ ಕೊಳೆರೋಗ ಶುರುವಾಗಿದೆ ಅಂತಲೇ. ಮೊದಲು ನೆಲ ಒಣಗಿಸಿ, ಪಶುವೈದ್ಯರಿಗೆ ತೋರಿಸಿ.

ಮೇವಿನ ವಿಷಯ: ಬರೀ ಬೂಸಾ ಹಾಕಬೇಡಿ, ದಯವಿಟ್ಟು. ಅದರಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ಕಡಿಮೆ. ಜೊತೆಗೆ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಕೊಡಿ. ಗೊರಸು ಗಟ್ಟಿಯಾಗಲಿ ಅಂತ ಬಯೋಟಿನ್ ಅನ್ನೋ ವಿಟಮಿನ್ ದಿನಕ್ಕೆ 15-20 ಮಿಲಿಗ್ರಾಂ ಕೊಡೋದುಂಟು, ಆದರೆ ಗೊರಸು ತಿಂಗಳಿಗೆ ಒಂದು ಸೆಂಟಿಮೀಟರ್ ಕೂಡ ಬೆಳೆಯಲ್ಲ. ಆರು ತಿಂಗಳಾದರೂ ಬಿಡದೆ ಕೊಡಬೇಕು. ಲಾಳ ಕಟ್ಟೋರನ್ನು 6-8 ವಾರಕ್ಕೊಮ್ಮೆ ಕರೆಸಿ, ಕುಂಟೋವರೆಗೂ ಕಾಯಬೇಡಿ.