ಪದೇ ಪದೇ ಕೆಡುವ ಎಕ್ಸೆಲ್ ಫೈಲ್: ದೋಷ ಎಲ್ಲಿದೆ, ತೆಗೆಯುವುದು ಹೇಗೆ

ಫೈಲ್ ತೆರೆದ ಕೂಡಲೇ ಎಕ್ಸೆಲ್ ಮುಚ್ಚಿಕೊಳ್ಳುವುದು ಒಂದು ಕಾಯಿಲೆ. ತೆರೆಯುವಾಗಲೇ ದೋಷವಿದೆ, ರಿಪೇರಿ ಮಾಡಲೇ ಎಂದು ಕೇಳುವುದು ಇನ್ನೊಂದು. ಎರಡೂ ಒಟ್ಟಿಗೆ ಕಾಣಿಸಿಕೊಂಡಾಗ ಹೆಚ್ಚಿನವರು ಮೊದಲು ಮಾಡುವುದು ಆಫೀಸ್ ತೆಗೆದು ಮತ್ತೆ ಹಾಕುವ ಕೆಲಸ. ದೋಷ ಫೈಲಿನೊಳಗಿದ್ದರೆ ಅದರಿಂದ ಏನೂ ಆಗದು.

ಮೊದಲು ಫೈಲಿನ ಒಂದು ಪ್ರತಿಯನ್ನು ಕಂಪ್ಯೂಟರಿನ ಸ್ವಂತ ಡಿಸ್ಕಿಗೆ ಇಳಿಸಿಕೊಳ್ಳಿ. ಮುಂದಿನದೆಲ್ಲ ಆ ಪ್ರತಿಯ ಮೇಲೇ ನಡೆಯಲಿ, ಮೂಲವನ್ನು ಮುಟ್ಟಬೇಡಿ. ಅದೇ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲೂ ತೆರೆದು ನೋಡಿ. ಅಲ್ಲಿ ಸರಿಯಾಗಿ ನಡೆದರೆ ಸಂಶಯ ನಿಮ್ಮ ಎಕ್ಸೆಲ್ ಮೇಲೆ. ಅಲ್ಲೂ ಕುಸಿದರೆ ಫೈಲೇ ಕೆಟ್ಟಿದೆ. ಇಳಿಸಿಕೊಂಡ ಪ್ರತಿ ದಿನಗಟ್ಟಲೆ ಚೆನ್ನಾಗಿದ್ದು, ಹಳೆಯ ಜಾಗಕ್ಕೆ ಹೋದೊಡನೆ ಕೆಡುತ್ತಿದ್ದರೆ ತಪ್ಪು ಉಳಿಸುವ ಜಾಗದ್ದು.

ಎಕ್ಸೆಲ್ ಮೇಲಿನ ಸಂಶಯ ಬೇಗ ತೀರುತ್ತದೆ. ಕಂಟ್ರೋಲ್ ಕೀ ಒತ್ತಿಹಿಡಿದು ಎಕ್ಸೆಲ್ ಆರಂಭಿಸಿದರೆ ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ. ಅದರಲ್ಲಿ ಫೈಲ್ ಕುಸಿಯದಿದ್ದರೆ ಯಾವುದೋ ಆಡ್-ಇನ್ (ಎಕ್ಸೆಲ್‌ಗೆ ಸೇರಿಸಿಕೊಂಡ ಹೆಚ್ಚುವರಿ ತಂತ್ರಾಂಶ) ಕಾಟ ಕೊಡುತ್ತಿರುವ ಸಾಧ್ಯತೆ ಹೆಚ್ಚು. ಆಪ್ಷನ್ಸ್‌ನ ಆಡ್-ಇನ್ಸ್ ಪುಟದ ಕೆಳಗೆ ಕಾಮ್ ಆಡ್-ಇನ್ಸ್ ಆರಿಸಿ 'ಗೋ' ಒತ್ತಿ, ಎಲ್ಲದರ ಟಿಕ್ ತೆಗೆಯಿರಿ. ಆಮೇಲೆ ಒಂದೊಂದಾಗಿ ಮರಳಿ ಹಾಕುತ್ತ ಬನ್ನಿ.

ಉಳಿಸುವ ಜಾಗದ ವಿಷಯ ಅರ್ಥವಾಗಬೇಕಾದರೆ ಎಕ್ಸೆಲ್ ಹೇಗೆ ಸೇವ್ ಮಾಡುತ್ತದೆಂದು ತಿಳಿದಿರಬೇಕು. ಅದು ಹಳೆಯ ಫೈಲಿನ ಮೇಲೆಯೇ ಬರೆಯುವುದಿಲ್ಲ. ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಫೈಲೊಂದನ್ನು ಪೂರ್ತಿ ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಹಳೆಯ ಹೆಸರಿಡುತ್ತದೆ. ಈ ನಡುವೆ ಪೆನ್‌ಡ್ರೈವ್ ಕಿತ್ತರೆ ಅಥವಾ ನೆಟ್‌ವರ್ಕ್ ಕಡಿದುಹೋದರೆ ಕೈಗೆ ಸಿಗುವುದು ಅರೆಬರೆ ಫೈಲ್. ಅದೇ ಕ್ಷಣದಲ್ಲಿ ಆಂಟಿವೈರಸ್ಸೋ ಸಿಂಕ್ ತಂತ್ರಾಂಶವೋ ಆ ಫೈಲನ್ನು ಹಿಡಿದುಕೊಂಡರೆ ಸೇವ್ ಅರ್ಧಕ್ಕೇ ನಿಲ್ಲಬಹುದು. ಫೋಲ್ಡರಿನಲ್ಲಿ ವಿಸ್ತರಣೆಯೇ (ಹೆಸರಿನ ಕೊನೆಗೆ ಚುಕ್ಕಿಯ ನಂತರ ಬರುವ ಭಾಗ) ಇಲ್ಲದ, ಎಂಟು ಅಕ್ಷರ-ಅಂಕಿಗಳ ಹೆಸರಿನ ಫೈಲುಗಳು ಬಿದ್ದಿದ್ದರೆ ಸೇವ್ ಅರ್ಧದಲ್ಲಿ ನಿಂತ ಗುರುತು. ಅಳಿಸುವ ಮುನ್ನ ಅದರ ಪ್ರತಿಗೆ ಎಕ್ಸ್‌ಎಲ್‌ಎಸ್‌ಎಕ್ಸ್ ವಿಸ್ತರಣೆ ಕೊಟ್ಟು ತೆರೆದು ನೋಡಿ, ಕಳೆದುಹೋದ ಕೆಲಸ ಅಲ್ಲೇ ಸಿಕ್ಕರೂ ಸಿಕ್ಕೀತು. ಇನ್ನು ಮುಂದೆ ಕೆಲಸ ಸ್ವಂತ ಡಿಸ್ಕಿನಲ್ಲಿ ಮಾಡಿ, ಮುಚ್ಚಿದ ಮೇಲೆ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ.

ಫೈಲೇ ಕೆಟ್ಟಿದ್ದರೆ ಓಪನ್ ಕಿಟಕಿಯಲ್ಲಿ ಅದನ್ನು ಆರಿಸಿ, ಓಪನ್ ಗುಂಡಿಯ ಪಕ್ಕದ ಬಾಣ ಒತ್ತಿ 'ಓಪನ್ ಅಂಡ್ ರಿಪೇರ್' ಆರಿಸಿ. ಮೊದಲು ರಿಪೇರ್, ಆಗದಿದ್ದರೆ ಎಕ್ಸ್‌ಟ್ರ್ಯಾಕ್ಟ್ ಡೇಟಾ. ಕೊನೆಗೆ ಬರುವ ವರದಿಯನ್ನು ಓದದೆ ಮುಚ್ಚುವವರೇ ಹೆಚ್ಚು, ಆದರೆ ರೋಗದ ಜಾಗ ಇರುವುದು ಅದರಲ್ಲೇ. ಕ್ಯಾಲ್ಕ್‌ಚೈನ್ ಭಾಗ ತೆಗೆದೆ ಎಂದಿದ್ದರೆ ಹೆದರಬೇಕಿಲ್ಲ. ಅದು ಲೆಕ್ಕ ಹಾಕುವ ಕ್ರಮದ ಪಟ್ಟಿ ಮಾತ್ರ, ಎಕ್ಸೆಲ್ ಮತ್ತೆ ಕಟ್ಟಿಕೊಳ್ಳುತ್ತದೆ. ಸ್ಟೈಲ್ಸ್ ಎಂದಿದ್ದರೆ ಬಣ್ಣ, ದಿನಾಂಕದ ರೂಪ ಹೋಗಿರಬಹುದು. ಶೀಟ್ 3 ಎಂದಿದ್ದರೆ ಮಾತ್ರ ದತ್ತಾಂಶವನ್ನೇ ಪರೀಕ್ಷಿಸಬೇಕು. ಆ ಸಂಖ್ಯೆ ಕೆಳಗೆ ಕಾಣುವ ಟ್ಯಾಬುಗಳ ಕ್ರಮವೇ ಆಗಿರಬೇಕೆಂದಿಲ್ಲ.

ರಿಪೇರಿಯಾದ ಫೈಲನ್ನೇ ಮುಂದುವರಿಸಿದರೆ ತೊಂದರೆ ಮರುಕಳಿಸಬಹುದು. ಹೊಸ ಫೈಲಿನಲ್ಲಿ ಅವೇ ಹೆಸರಿನ ಶೀಟುಗಳನ್ನು ಮಾಡಿಟ್ಟುಕೊಳ್ಳಿ. ಶೀಟನ್ನು ಇಡಿಯಾಗಿ 'ಮೂವ್ ಆರ್ ಕಾಪಿ' ಮಾಡಬೇಡಿ, ಹಳೆಯ ಸ್ಟೈಲುಗಳೂ ಸೆಲ್ಲುಗಳಿಗೆ ಕೊಟ್ಟ ಹೆಸರುಗಳೂ ಹಿಂಬಾಲಿಸಿ ಬರುತ್ತವೆ. ತುಂಬಿದ ಸೆಲ್ಲುಗಳನ್ನಷ್ಟೇ ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ 'ಫಾರ್ಮುಲಾಸ್ ಅಂಡ್ ನಂಬರ್ ಫಾರ್ಮ್ಯಾಟ್ಸ್' ಹಾಕಿ, ಬೇಕಿದ್ದರೆ 'ಕಾಲಂ ವಿಡ್ತ್ಸ್' ಇನ್ನೊಮ್ಮೆ. ಬೇರೆ ಶೀಟುಗಳನ್ನು ನೋಡುವ ಫಾರ್ಮುಲಾಗಳು ಈಗ ಹಳೆಯ ಫೈಲಿಗೆ ಕೊಂಡಿ ಹಾಕಿಕೊಂಡಿರುತ್ತವೆ. ಹೊಸ ಫೈಲನ್ನು ಸೇವ್ ಮಾಡಿ, ಡೇಟಾ ಟ್ಯಾಬಿನ 'ಎಡಿಟ್ ಲಿಂಕ್ಸ್'ನಲ್ಲಿ (ಹೊಸ ಆವೃತ್ತಿಗಳಲ್ಲಿ 'ವರ್ಕ್‌ಬುಕ್ ಲಿಂಕ್ಸ್') 'ಚೇಂಜ್ ಸೋರ್ಸ್' ಒತ್ತಿ ಅದೇ ಹೊಸ ಫೈಲನ್ನು ತೋರಿಸಿದರೆ ಕೊಂಡಿ ಕಳಚುತ್ತದೆ. ಮ್ಯಾಕ್ರೋ ಇದ್ದರೆ ಅದನ್ನು ಬರೆಯುವ ವಿಬಿಎ ಎಡಿಟರಿನಿಂದ ಮಾಡ್ಯೂಲುಗಳನ್ನು ಎಕ್ಸ್‌ಪೋರ್ಟ್ ಮಾಡಿ ಹೊಸದರಲ್ಲಿ ಇಂಪೋರ್ಟ್ ಮಾಡಿ.

ಅಷ್ಟು ದೂರ ಹೋಗುವ ವ್ಯವಧಾನ ಇಲ್ಲದಿದ್ದರೆ ಬೊಜ್ಜನ್ನಾದರೂ ಇಳಿಸಿ. ಪ್ರತಿ ಶೀಟಿನಲ್ಲೂ ಕಂಟ್ರೋಲ್ ಮತ್ತು ಎಂಡ್ ಒತ್ತಿ. ದತ್ತಾಂಶ 400ನೇ ಸಾಲಿಗೆ ಮುಗಿದಿದ್ದರೂ ಕರ್ಸರ್ ಕಟ್ಟಕಡೆಯ 10,48,576ನೇ ಸಾಲಿಗೆ ಹಾರಿದರೆ, ನಡುವಿನ ಖಾಲಿ ಸಾಲುಗಳನ್ನು ಆರಿಸಿ ಬಲ ಕ್ಲಿಕ್ ಮಾಡಿ ಡಿಲೀಟ್ ಕೊಟ್ಟು ಸೇವ್ ಮಾಡಿ. ಕೀಲಿಮಣೆಯ ಡಿಲೀಟ್ ಕೀ ಸಾಲದು, ಅದು ಒಳಗಿನದನ್ನು ಅಳಿಸುತ್ತದೆಯೇ ಹೊರತು ಫಾರ್ಮ್ಯಾಟನ್ನಲ್ಲ. ಕಾಪಿ-ಪೇಸ್ಟಿನಿಂದ ನೂರಾರು ಚೂರಾದ ಕಂಡೀಷನಲ್ ಫಾರ್ಮ್ಯಾಟಿಂಗ್ (ಷರತ್ತಿಗೆ ತಕ್ಕಂತೆ ಸೆಲ್ಲಿನ ಬಣ್ಣ ಬದಲಿಸುವ) ನಿಯಮಗಳು 'ಮ್ಯಾನೇಜ್ ರೂಲ್ಸ್'ನಲ್ಲಿ ಕಾಣುತ್ತವೆ, ಅವನ್ನು ತೆಗೆದು ಒಂದೇ ನಿಯಮ ಬರೆಯಿರಿ. ಕಂಟ್ರೋಲ್ ಮತ್ತು ಎಫ್3 ಒತ್ತಿದರೆ ಸೆಲ್ಲುಗಳಿಗೆ ಕೊಟ್ಟ ಹೆಸರುಗಳ ಪಟ್ಟಿ ಬರುತ್ತದೆ, ಅದರಲ್ಲಿ ದೋಷವಿರುವುದನ್ನು ಅಳಿಸಿ. ವೆಬ್ ಪುಟದಿಂದ ಅಂಟಿಬಂದ ಅದೃಶ್ಯ ಚಿತ್ರಗಳನ್ನು ಆಲ್ಟ್ ಮತ್ತು ಎಫ್10 ತೋರಿಸುತ್ತದೆ.

ಯಾವುದೂ ಫಲಿಸದಿದ್ದರೆ ಎಕ್ಸೆಲ್‌ನಂಥದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ಎಕ್ಸೆಲ್ ನಿರಾಕರಿಸಿದ ಫೈಲನ್ನು ಅದು ಕೆಲವೊಮ್ಮೆ ತೆರೆಯುತ್ತದೆ. ಅದೂ ಕೈಚೆಲ್ಲಿದರೆ ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ನೋಡಿ. ಎಕ್ಸ್‌ಎಲ್‌ಎಸ್‌ಎಕ್ಸ್ ಎಂಬುದು ನಿಜಕ್ಕೂ ಒಂದು ಜಿಪ್ ಪೊಟ್ಟಣ. ಹಾಗಾಗಿ ಅದರ ಮೊದಲ ಎರಡು ಅಕ್ಷರ ಇಂಗ್ಲಿಷಿನ ಪಿ ಮತ್ತು ಕೆ ಆಗಿರಬೇಕು (ತೆರೆಯಲು ಪಾಸ್‌ವರ್ಡ್ ಹಾಕಿದ ಫೈಲಿಗೆ ಇದು ಅನ್ವಯಿಸದು). ಅದರ ಬದಲು ಉದ್ದಕ್ಕೂ ಖಾಲಿಯೇ ಕಂಡರೆ, ಸಾಮಾನ್ಯವಾಗಿ ಬರೆಯುವಾಗ ಕರೆಂಟ್ ಹೋಗಿ ಫೈಲಿನ ತುಂಬ ಸೊನ್ನೆಗಳಷ್ಟೇ ಉಳಿದಿವೆ ಎಂದರ್ಥ. ಅದರಿಂದ ಯಾವ ರಿಪೇರಿ ತಂತ್ರಾಂಶವೂ ಏನನ್ನೂ ಹೊರತೆಗೆಯಲಾರದು, ದುಡ್ಡು ಸುರಿಯಬೇಡಿ. ಕ್ಲೌಡ್‌ನ ವರ್ಷನ್ ಹಿಸ್ಟರಿಯಲ್ಲೋ ಹಳೆಯ ಬ್ಯಾಕಪ್ಪಿನಲ್ಲೋ ಹುಡುಕುವುದೇ ದಾರಿ.

ಹೊಸ ಫೈಲಿಗೆ ಸೇವ್ ಆ್ಯಸ್ ಕಿಟಕಿಯ ಟೂಲ್ಸ್‌ನಲ್ಲಿ ಜನರಲ್ ಆಪ್ಷನ್ಸ್ ತೆರೆದು 'ಆಲ್ವೇಸ್ ಕ್ರಿಯೇಟ್ ಬ್ಯಾಕಪ್'ಗೆ ಟಿಕ್ ಹಾಕಿಡಿ. ಪ್ರತಿ ಸಲ ಸೇವ್ ಮಾಡಿದಾಗ ಹಿಂದಿನ ಪ್ರತಿ ಎಕ್ಸ್‌ಎಲ್‌ಕೆ ವಿಸ್ತರಣೆಯೊಂದಿಗೆ ಪಕ್ಕದಲ್ಲೇ ಉಳಿಯುತ್ತದೆ.