ಪ್ಲೈವುಡ್ ಕತ್ತರಿಸುವ ಮೊದಲು ಗೆರೆ ಯಾವ ಕಡೆಗಿದೆ ನೋಡಿ

ಪುಸ್ತಕದ ಶೆಲ್ಫ್ ನಡುವೆ ಜೋಲು ಬಿದ್ದರೆ ಎಲ್ಲರೂ ಮೊದಲು ಬೈಯುವುದು ಪ್ಲೈವುಡ್ ಕ್ವಾಲಿಟಿಯನ್ನು. ಎಷ್ಟೋ ಸಲ ಮಾಲು ಚೆನ್ನಾಗಿಯೇ ಇರುತ್ತದೆ, ಕತ್ತರಿಸಿದ ದಿಕ್ಕು ತಪ್ಪಿರುತ್ತದೆ.

ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕೆ ಹೋದರೆ ಮುಂದಿನದ್ದು ಅಡ್ಡಕ್ಕೆ. ಪದರಗಳು ಸಾಮಾನ್ಯವಾಗಿ ಬೆಸ ಸಂಖ್ಯೆಯಲ್ಲಿರುತ್ತವೆ, ಹಾಗಾಗಿ ಮೇಲಿನ ಮತ್ತು ಕೆಳಗಿನ ಹೊರಪದರಗಳ ನಾರು ಒಂದೇ ದಿಕ್ಕಿಗಿರುತ್ತದೆ. ಹಲಗೆ ಬಗ್ಗುವಾಗ ಜಾಸ್ತಿ ಕೆಲಸ ಈ ಹೊರಪದರಗಳದ್ದೇ, ನಡುವಿನದ್ದು ಹೆಚ್ಚುಕಡಿಮೆ ಸುಮ್ನೆ ಕೂತಿರುತ್ತದೆ. ಸಮ ದಪ್ಪದ 3 ಪದರ ಇದ್ದರೆ, ದಪ್ಪದ ಲೆಕ್ಕದಲ್ಲಿ ಬಿಗಿತದ (ಅಂದರೆ ಬಗ್ಗದೆ ನಿಲ್ಲುವ ಗುಣದ) 27 ಪಾಲಿನಲ್ಲಿ 26 ಪಾಲು ಹೊರಗಿನ ಎರಡಕ್ಕೇ ಸೇರುತ್ತದೆ. 5 ಪದರಕ್ಕೆ ಬಂದರೆ ಉದ್ದಕ್ಕೂ ಅಡ್ಡಕ್ಕೂ ಇರುವ ಬಿಗಿತದ ವ್ಯತ್ಯಾಸ ಸುಮಾರು 4 ಪಟ್ಟು, 13 ಪದರಕ್ಕೆ ಒಂದೂವರೆ ಪಟ್ಟಿನ ಆಸುಪಾಸು. ಅಂದರೆ ಶೀಟ್ ತೆಳುವಾಗಿ ಪದರ ಕಡಿಮೆಯಾದಷ್ಟೂ ದಿಕ್ಕಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು.

ಹಾಗಾಗಿ ಗೆರೆ, ಅಂದರೆ ಹೊರಪದರದ ನಾರು, ಒಂದು ಆಧಾರದಿಂದ ಇನ್ನೊಂದು ಆಧಾರದ ಕಡೆಗೆ ಓಡಬೇಕು. ಶೆಲ್ಫ್‌ನಲ್ಲಿ ಎಡದಿಂದ ಬಲಕ್ಕೆ. ಮಂಚದಲ್ಲಿ ಕೆಳಗಿನ ಅಡ್ಡಪಟ್ಟಿಗಳನ್ನು ದಾಟುವ ಹಾಗೆ, ಅವುಗಳ ಜೊತೆ ಸಮಾನಾಂತರವಾಗಿ ಅಲ್ಲ. ಇದಕ್ಕೆ ಖರ್ಚೂ ಬೀಳುವುದಿಲ್ಲ: 8 ಅಡಿ × 4 ಅಡಿ ಶೀಟಿನಿಂದ 4 ಅಡಿ ಉದ್ದ, 1 ಅಡಿ ಅಗಲದ ಹಲಗೆ ಹೇಗೆ ಕತ್ತರಿಸಿದರೂ 8 ಬರುತ್ತವೆ. ಕಾರ್ಪೆಂಟರ್ ಗರಗಸ ಹಿಡಿಯುವ ಮೊದಲೇ ಪ್ರತಿ ತುಂಡಿನ ಮೇಲೂ ಪೆನ್ಸಿಲ್‌ನಲ್ಲಿ ಬಾಣದ ಗುರುತು ಹಾಕಿಬಿಡಿ. ಬಾಯಲ್ಲಿ ಹೇಳಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಮರೆತುಹೋಗುತ್ತದೆ, ಅದು ಅವರ ತಪ್ಪೂ ಅಲ್ಲ ಬಿಡಿ.

ಇಲ್ಲೊಂದು ತಕರಾರಿದೆ. ನಮ್ಮಲ್ಲಿ ಸಿಗುವ ಎಷ್ಟೋ ಶೀಟುಗಳ ಮೇಲಿನ ಪದರ ಕಾಗದದಷ್ಟು ತೆಳು, ಅದರ ಕೆಳಗಿನ ಅಡ್ಡ ಪದರ ದಪ್ಪ. ಆಗ ಮುಖದ ಗೆರೆ ನೋಡಿ ತೀರ್ಮಾನ ಮಾಡಿದರೆ ಲೆಕ್ಕ ತಲೆಕೆಳಗಾಗಬಹುದು, ಏಕೆಂದರೆ ಭಾರ ಹೊರುವುದು ಆ ದಪ್ಪ ಪದರ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಪ್ಲೈ ತರಲು ಹೋದರೆ ಶೀಟಿನ ಅಂಚನ್ನು ಹತ್ತಿರದಿಂದ ನೋಡಿ, ಸಾಧ್ಯವಾದರೆ ಅದೇ ಮಾಲಿನ ಒಂದು ಚೂರು ಕೇಳಿ ತನ್ನಿ. ಅದರಲ್ಲಿ ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ, ಒಂದು ಗೆರೆಯ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಎರಡನ್ನೂ ಎರಡೆರಡು ಇಟ್ಟಿಗೆ ಮೇಲಿಟ್ಟು ನಡುವೆ ಒತ್ತಿ. ಯಾವುದು ಕಡಿಮೆ ಬಗ್ಗುತ್ತದೋ ಅದೇ ನಿಮ್ಮ ದಿಕ್ಕು. ನನಗಂತೂ ಅಂಗಡಿಯವರ ಮಾತಿಗಿಂತ ಈ ಪರೀಕ್ಷೆಯ ಮೇಲೇ ನಂಬಿಕೆ.

ಐಎಸ್ 303 (ಸಾಮಾನ್ಯ ಬಳಕೆಯ ಪ್ಲೈ), ಐಎಸ್ 710 ಅಂತ ಭಾರತೀಯ ಮಾನದಂಡದ ಮುದ್ರೆ ಇದ್ದರೆ ಸಾಕಲ್ವಾ ಅಂತ ಕೇಳುತ್ತಾರೆ. 710 ಮೆರೈನ್ ಪ್ಲೈ, ನೀರು ಬೀಳುವ ಕಡೆ ಬೇಕೇ ಬೇಕು. ಆದರೆ ತಪ್ಪು ದಿಕ್ಕಿಗೆ ಕತ್ತರಿಸಿದರೆ ಅದೂ ಜೋಲು ಬೀಳುತ್ತದೆ.

ದಿಕ್ಕು ಸರಿ ಇದ್ದರೂ ಉದ್ದಕ್ಕೊಂದು ಮಿತಿ ಇದೆ. ಸಾಲಾಗಿ ಪುಸ್ತಕ ತುಂಬಿದ ಹಲಗೆಯನ್ನು 2 ಅಡಿಯಿಂದ 3 ಅಡಿಗೆ ಏರಿಸಿದರೆ ಬಗ್ಗುವುದು ಸುಮಾರು 5 ಪಟ್ಟಾಗುತ್ತದೆ. 12 ಎಂಎಂ ಬದಲು 18 ಎಂಎಂ ಹಾಕಿದರೆ ಬಿಗಿತ 3 ಪಟ್ಟಿಗಿಂತ ಸ್ವಲ್ಪ ಜಾಸ್ತಿಯಾಗುತ್ತದೆ, ಅಷ್ಟೇ. ಹಾಗಾಗಿ 3 ಅಡಿ ದಾಟಿದರೆ ನಡುವೆ ಒಂದು ಆಧಾರ ಕೊಡಿ, ಇಲ್ಲವೇ ಮುಂದಿನ ಅಂಚಿಗೆ ಒಂದೂವರೆ ಇಂಚಿನ ಮರದ ಪಟ್ಟಿಯನ್ನು ನಿಲ್ಲಿಸಿ ಅಂಟು ಹಾಕಿ ಹೊಡೆಸಿ.

ಬ್ಲಾಕ್‌ಬೋರ್ಡ್ (ನಡುವೆ ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ ಶೀಟ್) ಆದರೆ ಮುಖದ ಗೆರೆ ಮರೆತುಬಿಡಿ, ಒಳಗಿನ ಮರದ ಪಟ್ಟಿಗಳು ಯಾವ ಕಡೆ ಓಡುತ್ತವೆ ಅಂತ ಅಂಚಿನಲ್ಲಿ ನೋಡಿ ಅದೇ ದಿಕ್ಕಿಗೆ ಹಲಗೆ ತೆಗೆಯಿರಿ. ದುಂಡನೆಯ ಕೌಂಟರ್ ಮಾಡಿಸುವವರಿಗೆ ಇದೆಲ್ಲ ಉಲ್ಟಾ: ಅಲ್ಲಿ ಶೀಟ್ ಸುಲಭವಾಗಿ ಬಗ್ಗಬೇಕು, ಹಾಗಾಗಿ ಮೆತ್ತಗಿರುವ ದಿಕ್ಕನ್ನೇ ದುಂಡಗೆ ಸುತ್ತುವ ಕಡೆಗೆ ಇಡಬೇಕು.